ಅಲಗು ಮತ್ತು ಆಯ: ನಮ್ಮ ಪೂರ್ವಿಕರ ಬಿಲ್ಲುಬೇಟೆಯ ವಿಚಾರ

ಬಂಟವಾಳದಿಂದ ಬೆಳ್ತಂಗಡಿಯ ಕಡೆಗೆ ಹೋಗತಕ್ಕ ಹಾದಿಯಲ್ಲಿ, ವಗ್ಗವೆಂಬ ಊರಿನ ಬಳಿ ಒಳಕ್ಕೆ ತಿರುಗಿದರೆ ಕಾರಿಂಜದ ಬೆಟ್ಟವು ಕಣ್ಣಿಗೆ ಬೀಳುತ್ತದೆ. ಕಾವಳಮೂಡೂರು ಗ್ರಾಮಕ್ಕೆ ಸೇರಿದ ಈ ಹೆಬ್ಬಂಡೆಯ ತುದಿಯಲ್ಲಿ ಈಶ್ವರನ ಗುಡಿಯೂ ಅದರ ಕೆಳಗಡೆ ಪಾರ್ವತಿಯ ಗುಡಿಯೂ ಇವೆ. ಕೃತಯುಗದಲ್ಲಿ ಇದಕ್ಕೆ ರೌದ್ರಗಿರಿಯೆಂದೂ, ತ್ರೇತೆಯಲ್ಲಿ ಗಜೇಂದ್ರಗಿರಿಯೆಂದೂ, ದ್ವಾಪರದಲ್ಲಿ ಭೀಮಶೈಲವೆಂದೂ ಹೆಸರಿದ್ದಿತೆಂದು ಅಲ್ಲಿಯ ಸ್ಥಳಪುರಾಣವು ಹೇಳುತ್ತದೆ. ಪಾಂಡವರು ವನವಾಸ ಕಾಲದಲ್ಲಿ ಇಲ್ಲಿಗೆ ಬಂದರಂತೆ. ಭೀಮನ ಗದೆ ಬಿದ್ದಲ್ಲಿ ಗದಾತೀರ್ಥವಾಯಿತು, ಅವನು ಹೆಬ್ಬೆರಳನ್ನು ಊರಿದಲ್ಲಿ ಅಂಗುಷ್ಠತೀರ್ಥವಾಯಿತು, ಅರ್ಜುನನು ಹಂದಿಗೆ ಬಾಣ ಬಿಟ್ಟಲ್ಲಿ ಮತ್ತೊಂದು ಕೆರೆಯಾಯಿತು. ಈ ಮೂರರಲ್ಲಿ ಗದೆಯ ಕಥೆಯನ್ನು ಹೇಳುವವರು ಹೆಚ್ಚು. ನಮ್ಮ ಕುತೂಹಲವು ಆ ಹಂದಿಯ ಕೆರೆಯ ಮೇಲಿದೆ. ಒಂದು ಬಾಣ ತಗಲಿದ ಸ್ಥಳವನ್ನು ಒಂದು ಊರು ಯುಗಾಂತರದ ನೆನಪಾಗಿ ಇಟ್ಟುಕೊಂಡಿರುವುದನ್ನು ನೋಡಿದರೆ, ಆ ಊರಿನ ಜನರಿಗೆ ಬಾಣವೆಂಬುದು ಎಷ್ಟು ಪರಿಚಿತವಾದ ಪದಾರ್ಥವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಬಿಲ್ಲುಗಾರಿಕೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಿಲ್ಲಿನಿಂದ ಪ್ರಾರಂಭಿಸುತ್ತಾರೆ. ಗಾಂಡೀವ, ಶಾರ್ಙ್ಗ, ಪಿನಾಕಗಳ ವರ್ಣನೆಯಲ್ಲಿ ಪುಟಗಳನ್ನು ತುಂಬುತ್ತಾರೆ. ನಮಗೆ ತೋರುವ ಮಟ್ಟಿಗೆ ಬಿಲ್ಲು ಕೇವಲ ಬಲವನ್ನು ಒದಗಿಸುವ ಯಂತ್ರ. ಪ್ರಾಣಿಯ ಪ್ರಾಣವನ್ನು ನಿರ್ಣಯಿಸತಕ್ಕವು ಎರಡೇ ಸಂಗತಿಗಳು: ಬಾಣದ ತುದಿಯಲ್ಲಿರುವ ಅಲಗು ಎಂಥದು, ಅದು ಹೋಗಿ ನಾಟಿದ ಸ್ಥಳ ಯಾವುದು. ನಮ್ಮ ಭಾಷೆಯು ಇವೆರಡಕ್ಕೂ ಚೊಕ್ಕವಾದ ಮಾತುಗಳನ್ನು ಕೊಟ್ಟಿದೆ. ಕತ್ತಿಯ ಬಾಯಿಗೂ ಬಾಣದ ತುದಿಗೂ ಅಲಗು ಎಂದೇ ಹೆಸರು. ದೇಹದಲ್ಲಿ ಪೆಟ್ಟು ಬಿದ್ದರೆ ಪ್ರಾಣ ಹೋಗತಕ್ಕ ಎಡೆಗೆ ಆಯವೆಂದು ಹೆಸರು. ‘ಆಯಕ್ಕೆ ಪೆಟ್ಟು ಬಿತ್ತು’ ಎಂಬ ಮಾತನ್ನು ಬಿಲ್ಲನ್ನು ಕಣ್ಣಿನಿಂದಲೂ ಕಾಣದವರು ದಿನನಿತ್ಯ ಆಡುತ್ತಾರೆ. ಬಾಣಕ್ಕೆ ಅಂಬು, ಕಣೆ, ಸರಳು, ಕೋಲು ಎಂದು ನಾಲ್ಕಾರು ಹೆಸರುಗಳು; ಬಿಲ್ಲಿನ ನಾರಿಗೆ ಹೆದೆ, ಬಾಣಗಳ ಚೀಲಕ್ಕೆ ಬತ್ತಳಿಕೆ. ಬೇಟೆಯನ್ನು ಹಳಗನ್ನಡವು ಬೇಂಟೆಯೆಂದಿತು, ತುಳುವು ಇಂದಿಗೂ ಬೋಂಟೆಯೆನ್ನುತ್ತದೆ. ಇಷ್ಟು ಮಾತುಗಳನ್ನು ಸಾಕಿಕೊಂಡ ಜನರು ಆ ಕೆಲಸವನ್ನು ಬಲ್ಲವರೇ ಆಗಿದ್ದಿರಬೇಕು.

ಅಲಗಿನ ವಿಚಾರಕ್ಕೆ ಬರುವುದಕ್ಕೆ ಮುಂಚೆ, ಬಾಣವು ಹೇಗೆ ಕೊಲ್ಲುತ್ತದೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೋವಿಯ ಗುಂಡಿನ ಕಾಲದಲ್ಲಿ ಬೆಳೆದ ನಮಗೆ ಈ ವಿಷಯದಲ್ಲಿ ತಪ್ಪು ಭಾವನೆಯಿರುವುದು ಸಹಜ. ಗುಂಡು ವೇಗದಿಂದ ಕೊಲ್ಲುತ್ತದೆ. ಅದು ಹೊಕ್ಕ ಕಡೆ ಸುತ್ತಣ ಮಾಂಸವೂ ಎಲುಬೂ ಒಡೆದುಹೋಗಿ ಪ್ರಾಣಿಯು ಆಘಾತದಿಂದ ನೆಲಕ್ಕುರುಳಬಹುದು. ಬಾಣದಲ್ಲಿ ಅಂಥ ಆಘಾತವಿಲ್ಲ. ಅದು ಕೊಯ್ಯುತ್ತದೆ, ಕೊಯ್ದ ಕಡೆ ರಕ್ತ ಹರಿಯುತ್ತದೆ, ರಕ್ತವು ಸಾಕಷ್ಟು ಹರಿದರೆ, ಅಥವಾ ಎದೆಯ ಗೂಡಿನೊಳಕ್ಕೆ ಗಾಳಿ ನುಗ್ಗಿ ಶ್ವಾಸಕೋಶವು ಕುಗ್ಗಿದರೆ, ಪ್ರಾಣಿಯು ಬೀಳುತ್ತದೆ. ಆದಕಾರಣ ಬೇಟೆಯ ಬಾಣಕ್ಕೆ ಮೊನೆಯೊಂದಿದ್ದರೆ ಸಾಲದು, ಬಾಯಿಯೂ ಬೇಕು. ಆ ಬಾಯಿಯು ಕ್ಷೌರಿಕನ ಕತ್ತಿಯಂತೆ ಹರಿತವಾಗಿರಬೇಕು. ಮೊಂಡಾದ ಅಲಗು ರಕ್ತನಾಳವನ್ನು ಪಕ್ಕಕ್ಕೆ ತಳ್ಳಿಕೊಂಡು ಮುಂದೆ ಹೋಗುತ್ತದೆ. ಹರಿತವಾದದ್ದು ಅದನ್ನು ತುಂಡರಿಸಿ ಹೋಗುತ್ತದೆ. ಮೊದಲನೆಯ ಗಾಯವು ಬೇಗ ಕಟ್ಟಿಕೊಳ್ಳುತ್ತದೆ, ಎರಡನೆಯದು ಹರಿಯುತ್ತಲೇ ಇರುತ್ತದೆ.

ಈ ಭೇದವನ್ನು ನಮ್ಮ ಪ್ರಾಚೀನರು ಅರಿತಿದ್ದರೆಂಬುದಕ್ಕೆ ಬಹಳ ಹಳೆಯ ಸಾಕ್ಷ್ಯವು ದೊರೆತದ್ದು ಮೈಸೂರಿನಲ್ಲಿಯೇ. ಶ್ರೀ ಆರ್. ಶಾಮಶಾಸ್ತ್ರಿಗಳು ಇಲ್ಲಿಯ ಓಲೆಗರಿಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರಾಧ್ಯಕ್ಷನ ಪ್ರಕರಣವೊಂದಿದೆ. ತಾಳೆ, ಬಿದಿರು, ಮರ, ಕೊಂಬು ಇವುಗಳಿಂದಾಗತಕ್ಕ ಬಿಲ್ಲುಗಳನ್ನೂ, ಮೂರ್ವಾ, ಎಕ್ಕ, ಸೆಣಬು, ಸ್ನಾಯು ಮೊದಲಾದವುಗಳ ಹೆದೆಗಳನ್ನೂ ಎಣಿಸಿದ ಬಳಿಕ, ಬಾಣದ ಮುಖಗಳು ಕಬ್ಬಿಣದವು, ಎಲುಬಿನವು, ಮರದವು ಎಂದೂ, ಅವುಗಳ ಕೆಲಸವು ಛೇದನ, ಭೇದನ, ತಾಡನ ಎಂದೂ ಆ ಗ್ರಂಥವು ಹೇಳುತ್ತದೆ. ಕೊಯ್ಯುವುದು, ತೂರುವುದು, ಬಡಿಯುವುದು. ಈ ಮೂರು ಮಾತುಗಳಲ್ಲಿ ಅಲಗಿನ ಶಾಸ್ತ್ರವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಹಕ್ಕಿಗೂ ಮೊಲಕ್ಕೂ ಬಡಿಯುವ ಮೊಂಡು ಮುಖ ಸಾಕು; ಕವಚಕ್ಕೆ ತೂರುವ ಮುಖ ಬೇಕು; ಜಿಂಕೆ, ಕಡವೆಗಳಿಗೆ ಕೊಯ್ಯುವ ಮುಖವೇ ಬೇಕು.

ಕಾಲಾಂತರದಲ್ಲಿ ಈ ಮೂರು ಹತ್ತಾದವು. 1363ರ ಶಾರ್ಙ್ಗಧರ ಪದ್ಧತಿಯಲ್ಲಿಯೂ ವಸಿಷ್ಠರ ಹೆಸರಿನಲ್ಲಿ ಪ್ರಚಾರದಲ್ಲಿರುವ ಧನುರ್ವೇದದಲ್ಲಿಯೂ ಅಲಗುಗಳ ಒಂದು ಪಟ್ಟಿ ಬರುತ್ತದೆ: ಆರಾಮುಖ, ಕ್ಷುರಪ್ರ, ಗೋಪುಚ್ಛ, ಅರ್ಧಚಂದ್ರ, ಸೂಚೀಮುಖ, ಭಲ್ಲ, ವತ್ಸದಂತ, ದ್ವಿಭಲ್ಲ, ಕರ್ಣಿಕ, ಕಾಕತುಂಡ. ಚಮ್ಮಾರನ ಆರೆಯಂತಿರುವ ಆರಾಮುಖವು ಚರ್ಮವನ್ನು ಭೇದಿಸತಕ್ಕದ್ದು, ಸೂಜಿಯಂಥ ಸೂಚೀಮುಖವು ಕವಚಕ್ಕೆ, ಭಲ್ಲವು ಹೃದಯಕ್ಕೆ, ಕರುವಿನ ಹಲ್ಲಿನಂಥ ವತ್ಸದಂತವು ಎದುರಾಳಿಯ ಹೆದೆಯನ್ನು ಕಡಿಯುವುದಕ್ಕೆ, ಹೀಗೆ ಒಂದೊಂದಕ್ಕೊಂದು ಉಪಯೋಗ. ಈ ಪಟ್ಟಿಯನ್ನು ಓದುವಾಗ ಸ್ವಲ್ಪ ಎಚ್ಚರಿಕೆ ಅವಶ್ಯಕ. ಹಾರಿಬರುವ ಬಾಣವನ್ನು ಬಾಣದಿಂದಲೇ ಕತ್ತರಿಸುವುದು ಕಾವ್ಯದಲ್ಲಿ ನಡೆಯತಕ್ಕದ್ದು, ಕಾಡಿನಲ್ಲಿ ಅಲ್ಲ. ಪಂಡಿತನು ಸಾಲುಗಳನ್ನು ಪೂರ್ತಿಮಾಡುವುದಕ್ಕಾಗಿ ಎಷ್ಟೋ ಅಲಗುಗಳನ್ನು ಸೃಷ್ಟಿಸಿರಬಹುದು. ಆದರೆ ಹೃದಯಕ್ಕೆ ಭಲ್ಲವೆಂದು ಹೇಳಿದ ಮಾತು ಕಮ್ಮಾರನಿಂದಲೂ ಬೇಡನಿಂದಲೂ ಬಂದ ಮಾತೆಂದು ನಾವು ಭಾವಿಸುತ್ತೇವೆ. ಎರಡು ಕಡೆಯೂ ಬಾಯಿಯಿದ್ದು ಮುಂದಕ್ಕೆ ಕಿರಿದಾಗುತ್ತ ಹೋಗುವ ಎಲೆಯಾಕಾರದ ಅಲಗೇ ಎದೆಗೆ ತಕ್ಕದ್ದು. ಆ ಹೆಸರು ಕನ್ನಡದಲ್ಲಿ ಭಲ್ಲೆಯಾಗಿ, ಬಾಣವನ್ನು ಬಿಟ್ಟು ಈಟಿಗೆ ಅಂಟಿಕೊಂಡು ಉಳಿದಿದೆ.

ಕನ್ನಡನಾಡಿನ ಕಬ್ಬಿಣವು ಬಹಳ ಹಳೆಯದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ಸುಮಾರು 3000 ವರ್ಷಗಳ ಹಿಂದಿನ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕಿದವು. ಮೊನೆಯ ಹಿಂದುಗಡೆ ಕೋಲಿನೊಳಕ್ಕೆ ಸೇರಿಸತಕ್ಕ ಬಾಲವೊಂದಿರುತ್ತದೆ. ಬಿದಿರನ್ನು ಸೀಳಿ ಅದನ್ನು ಒಳಕ್ಕಿಟ್ಟು ನಾರಿನಿಂದ ಬಿಗಿಯಾಗಿ ಸುತ್ತಬೇಕು. ಅಂದಿನಿಂದ ಇಂದಿನವರೆಗೂ ಈ ಅಲಗನ್ನು ಮಾಡುವವನ ಮುಂದಿರುವ ಸಮಸ್ಯೆ ಒಂದೇ. ಅಲಗು ಅಗಲವಾದಷ್ಟೂ ಗಾಯ ದೊಡ್ಡದು, ರಕ್ತ ಹೆಚ್ಚು. ಆದರೆ ಅಗಲವಾದಷ್ಟೂ ಅದು ಒಳಕ್ಕೆ ಹೋಗುವುದು ಕಷ್ಟ, ಗಾಳಿಯಲ್ಲಿ ತಾನೇ ರೆಕ್ಕೆಯಾಗಿ ಬಾಣದ ದಾರಿಯನ್ನು ತಪ್ಪಿಸುವ ಭಯವೂ ಉಂಟು. ಕಿರಿದಾದಷ್ಟೂ ಆಳಕ್ಕೆ ಇಳಿಯುತ್ತದೆ. ಆದರೆ ಅದು ಮಾಡುವ ರಂಧ್ರ ಚಿಕ್ಕದು, ಹಿಂಬಾಲಿಸುವುದಕ್ಕೆ ನೆಲದ ಮೇಲೆ ರಕ್ತದ ಗುರುತು ಸಿಕ್ಕದು. ಬಲವಾದ ಬಿಲ್ಲುಳ್ಳವನಿಗೆ ಅಗಲವಾದ ಅಲಗು ಸಲ್ಲುತ್ತದೆ. ಸಾಧಾರಣವಾದ ಬಿದಿರುಬಿಲ್ಲಿನವನು ಕಿರಿದಾದದ್ದನ್ನೇ ಆಯ್ದುಕೊಂಡು ಹತ್ತಿರಕ್ಕೆ ಹೋಗಬೇಕು. ಈ ಲೆಕ್ಕವನ್ನು ಯಾವ ಗ್ರಂಥವೂ ಬೇಡನಿಗೆ ಕಲಿಸಬೇಕಾಗಿರಲಿಲ್ಲ.

ಮುಳ್ಳುಳ್ಳ ಅಲಗಿನ ವಿಷಯವನ್ನು ಇಲ್ಲಿಯೇ ಹೇಳಬಿಡುತ್ತೇವೆ. ಹಿಂದಕ್ಕೆ ಬಾಗಿದ ಕಿವಿಗಳುಳ್ಳ ಕರ್ಣಿಯೆಂಬ ಬಾಣವು ಒಳಕ್ಕೆ ಹೋದರೆ ಹೊರಕ್ಕೆ ಬರುವುದಿಲ್ಲ. ಮನುಸ್ಮೃತಿಯು ಯುದ್ಧದಲ್ಲಿ ಕರ್ಣಿಯನ್ನೂ ವಿಷ ಸವರಿದ ಬಾಣವನ್ನೂ ಉರಿಯುವ ಬಾಣವನ್ನೂ ನಿಷೇಧಿಸಿದೆ. ನಿಷೇಧವಿದ್ದಲ್ಲಿ ಬಳಕೆಯೂ ಇತ್ತೆಂಬುದು ಚರಿತ್ರಕಾರರ ಹಳೆಯ ನ್ಯಾಯ. ಸುಶ್ರುತನ ಶಸ್ತ್ರವೈದ್ಯಕ್ಕೆ ಶಲ್ಯತಂತ್ರವೆಂದು ಹೆಸರು ಬಂದದ್ದೇ ದೇಹದಲ್ಲಿ ನಟ್ಟ ಇಂಥ ಮುಳ್ಳುಗಳಿಂದ. ನಟ್ಟುದನ್ನು ಹೊಕ್ಕ ದಾರಿಯಿಂದಲೇ ಹಿಂದಕ್ಕೆ ಎಳೆಯಬೇಕೇ, ಮುಂದಕ್ಕೆ ತಳ್ಳಿ ಇನ್ನೊಂದು ಕಡೆಯಿಂದ ತೆಗೆಯಬೇಕೇ ಎಂಬ ವಿಚಾರಕ್ಕೆ ಆತನು ಪ್ರತ್ಯೇಕವಾಗಿ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಬೇಟೆಯಲ್ಲಿ ಮುಳ್ಳಿನ ಅಲಗು ಕ್ರೂರವೂ ಹೌದು, ನಿರುಪಯುಕ್ತವೂ ಹೌದು. ಆಯಕ್ಕೆ ತಾಗಿದರೆ ಮುಳ್ಳಿನ ಅಗತ್ಯವಿಲ್ಲ. ತಾಗದಿದ್ದರೆ ಪ್ರಾಣಿಯು ಆ ಮುಳ್ಳನ್ನು ಹೊತ್ತುಕೊಂಡು ದಿನಗಟ್ಟಲೆ ಕಾಡಿನಲ್ಲಿ ನರಳುತ್ತದೆ.

ಈಗ ಆಯಕ್ಕೆ ಬರೋಣ. ಸುಶ್ರುತನು ಮನುಷ್ಯದೇಹದಲ್ಲಿ 107 ಮರ್ಮಗಳನ್ನು ಎಣಿಸಿ ಅವುಗಳನ್ನು ಐದು ಬಗೆಯಾಗಿ ವಿಭಾಗಿಸಿದ್ದಾನೆ. 19 ಮರ್ಮಗಳು ಸದ್ಯಃಪ್ರಾಣಹರಗಳು, ಅಂದರೆ ಬೇಗನೆ ಕೊಲ್ಲತಕ್ಕವು. 33 ಕಾಲಾಂತರದಲ್ಲಿ ಕೊಲ್ಲತಕ್ಕವು. 44 ಅಂಗವೈಕಲ್ಯವನ್ನು ಉಂಟುಮಾಡತಕ್ಕವು. 8 ಕೇವಲ ನೋವನ್ನುಂಟುಮಾಡತಕ್ಕವು. ಉಳಿದ 3 ಬಹು ವಿಚಿತ್ರವಾದವು: ಶಲ್ಯವು ಒಳಗಿರುವವರೆಗೂ ಮನುಷ್ಯನು ಬದುಕಿದ್ದು, ಅದನ್ನು ಕಿತ್ತೊಡನೆ ಸಾಯುತ್ತಾನೆ. ಹೃದಯವನ್ನು ಆತನು ಮೊದಲನೆಯ ವರ್ಗದಲ್ಲಿಯೂ, ಎದೆಯ ಪಕ್ಕದ ಸ್ಥಾನಗಳನ್ನು ಎರಡನೆಯ ವರ್ಗದಲ್ಲಿಯೂ ಸೇರಿಸಿದ್ದಾನೆ. ವೈದ್ಯನು ಬದುಕಿಸುವುದಕ್ಕಾಗಿ ಬರೆದ ಈ ಪಟ್ಟಿಯನ್ನು ತಲೆಕೆಳಗು ಮಾಡಿ ಓದಿದರೆ ಬೇಡನ ಪಾಠವಾಗುತ್ತದೆ. ಇದು ಮನಸ್ಸಿಗೆ ಹಿತವಾದ ವಿಚಾರವಲ್ಲವಾದರೂ ನಿಜ.

ಜಿಂಕೆಯ ದೇಹದಲ್ಲಿ ಹೃದಯವು ನಾವು ಊಹಿಸುವುದಕ್ಕಿಂತ ಕೆಳಗಡೆ, ಮುಂಗಾಲುಗಳ ನಡುವೆ, ಹೆಚ್ಚು ಕಡಮೆ ಮೊಣಕೈಯ ಮಟ್ಟದಲ್ಲಿ ಇರುತ್ತದೆ. ಅದರ ಮೇಲೆಯೂ ಹಿಂದೆಯೂ ಶ್ವಾಸಕೋಶಗಳು ಹರಡಿವೆ. ಅವುಗಳ ಹಿಂದೆ ವಪೆ, ಯಕೃತ್ತು, ಆಮೇಲೆ ಜಠರ. ಮುಂಭಾಗದಲ್ಲಿ ಇವೆಲ್ಲಕ್ಕೂ ಗುರಾಣಿಯಂತೆ ಹೆಗಲಿನ ಹಲಗೆಯೆಲುಬು ನಿಂತಿದೆ. ಬಾಣವು ಇದಕ್ಕೆ ತಗಲಿದರೆ ಅಲ್ಲಿಯೇ ನಿಂತುಹೋಗುವ ಸಂಭವ ಹೆಚ್ಚು. ಆದ್ದರಿಂದ ಬಲ್ಲವನು ಜಿಂಕೆಯ ಎದುರಿಗೆ ನಿಂತು ಬಾಣ ಬಿಡುವುದಿಲ್ಲ, ಓಡುವ ಜಿಂಕೆಯ ಹಿಂಭಾಗಕ್ಕೂ ಬಿಡುವುದಿಲ್ಲ. ಅದು ಪಕ್ಕವನ್ನು ತೋರಿಸಿ ನಿಂತಾಗ, ಅಥವಾ ಸ್ವಲ್ಪ ಆಚೆಗೆ ಮುಖಮಾಡಿ ಓರೆಯಾಗಿ ನಿಂತಾಗ, ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟಾಗ, ಹೆಗಲಿನ ಹಿಂದೆ ತೆರೆಯುವ ಅಂಗೈಯಗಲದ ಜಾಗಕ್ಕೆ ಗುರಿಯಿಡುತ್ತಾನೆ. ಓರೆಯಾಗಿ ನಿಂತ ಪ್ರಾಣಿಯಲ್ಲಿ ಬಾಣವು ಪಕ್ಕೆಯ ಹಿಂದಿನಿಂದ ಹೊಕ್ಕು ಎದುರು ಹೆಗಲಿನ ಕಡೆಗೆ ಸಾಗಬೇಕು. ಆದ್ದರಿಂದ ಹೊರಡುವ ಜಾಗವನ್ನು ಮೊದಲು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಆಮೇಲೆ ಹೊಗುವ ಜಾಗವನ್ನು ಹುಡುಕಬೇಕು.

ನಮ್ಮ ಕವಿಗಳಲ್ಲಿ ಕೆಲವರು ಇದನ್ನು ಬಲ್ಲವರಿಂದ ಕೇಳಿ ತಿಳಿದಿದ್ದರೆಂದು ತೋರುತ್ತದೆ. ಅರಣ್ಯಕಾಂಡದಲ್ಲಿ ರಾಮನ ಬಾಣವು ಮಾಯಾಮೃಗದ ದೇಹವನ್ನು ಭೇದಿಸಿ ಮಾರೀಚನ ಹೃದಯವನ್ನು ಸೀಳಿದಾಗ, ಅವನು ತಾಳೆಮರದೆತ್ತರ ನೆಗೆದು ಬಿದ್ದನೆಂದು ವಾಲ್ಮೀಕಿಯು ಹೇಳುತ್ತಾನೆ. ಹೃದಯಕ್ಕೆ ಪೆಟ್ಟು ತಿಂದ ಜಿಂಕೆಯು ನಿಂತಲ್ಲಿಂದ ಒಮ್ಮೆ ಮೇಲಕ್ಕೆ ನೆಗೆದು, ಹುಚ್ಚಾಗಿ ಓಡಿ, ಸ್ವಲ್ಪ ದೂರದಲ್ಲಿ ಬೀಳುವುದುಂಟೆಂದು ಲೋಕದ ಎಲ್ಲ ಬಿಲ್ಲುಬೇಟೆಗಾರರೂ ಬಲ್ಲರು. ತಾಳೆಮರದ ಪ್ರಮಾಣವನ್ನು ಕವಿಗೆ ಬಿಟ್ಟುಕೊಟ್ಟರೆ, ಉಳಿದದ್ದು ಕಂಡವರ ಮಾತು. ಮಹಾಭಾರತದಲ್ಲಿ ಪಾಂಡುವು ಕೂಡಿರುವ ಜಿಂಕೆಗಳ ಮೇಲೆ ಬಿಟ್ಟದ್ದು ಐದು ಬಾಣಗಳು. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯು ನೆಲಕ್ಕೆ ಬಿದ್ದ ಮೇಲೂ ಅರಸನೊಡನೆ ಧರ್ಮಾಧರ್ಮದ ದೀರ್ಘ ವಾದವನ್ನು ಮಾಡಿ ಶಪಿಸುವಷ್ಟು ಹೊತ್ತು ಜೀವದಿಂದಿದ್ದನು. ಅಲ್ಲಿಯ ಋಷಿಯ ವಾದವು ಗಮನಾರ್ಹವಾದುದು: ಜಿಂಕೆಯನ್ನು ಕೊಂದೆಯೆಂದು ನಿನ್ನನ್ನು ದೂರುವುದಿಲ್ಲ, ಕೊಂದ ಸಮಯಕ್ಕಾಗಿ ದೂರುತ್ತೇನೆ ಎನ್ನುತ್ತಾನೆ. ಯಾವಾಗ ಬಾಣವನ್ನು ಬಿಡಬಾರದೆಂಬುದೂ ಬೇಟೆಯ ಶಾಸ್ತ್ರದ ಒಂದು ಭಾಗವೇ ಆಗಿತ್ತು. ಕಾಳಿದಾಸನ ದಶರಥನು ಗಂಡುಜಿಂಕೆಗೆ ಅಡ್ಡಲಾಗಿ ಬಂದು ನಿಂತ ಹೆಣ್ಣುಜಿಂಕೆಯನ್ನು ನೋಡಿ, ಕಿವಿಯವರೆಗೆ ಎಳೆದ ಬಾಣವನ್ನು ಇಳಿಸುತ್ತಾನೆ.

ಪ್ರಾಣಿಯು ಹಾಗೆ ಪಕ್ಕ ತೋರಿಸಿ ಹತ್ತಿರದಲ್ಲಿ ನಿಲ್ಲಬೇಕಾದರೆ ಉಪಾಯ ಬೇಕು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಅಂದರೆ ಅಭಿಲಷಿತಾರ್ಥ ಚಿಂತಾಮಣಿಯಲ್ಲಿ, ಅರಸನ ವಿನೋದಗಳ ನಡುವೆ ಮೃಗಯಾವಿನೋದಕ್ಕೆ ಒಂದು ದೊಡ್ಡ ಅಧ್ಯಾಯವಿದೆ. ನೀರಿಗೆ ಬರುವ ಹಾದಿಯಲ್ಲಿ ಅಡಗಿ ಕಾಯುವುದು, ಸಾಕಿ ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ಮೊದಲಾದ ಬಗೆಗಳನ್ನು ಅಲ್ಲಿ ಕಾಣಬಹುದು. ಇಂಥ ಸಾಕುಮೃಗಕ್ಕೆ ಕನ್ನಡದಲ್ಲಿ ದೀವವೆಂದು ಹೆಸರು. ಹಾಡಿನಿಂದ ಜಿಂಕೆಯನ್ನು ಮರುಳುಗೊಳಿಸುವುದಕ್ಕೆ ಗೋರಿಯೆಂದು ಹೆಸರು. ನಮ್ಮ ಹಳೆಯ ಕಾವ್ಯಗಳಲ್ಲಿ ಬೇಟೆಯ ಪ್ರಕರಣವು ಬಂದಲ್ಲೆಲ್ಲ ದೀವ, ಬಲೆ, ನಾಯಿಗಳ ಸಂಭ್ರಮವೇ ಸಂಭ್ರಮ. ಆದರೆ ಇವೆಲ್ಲವೂ ಒಂದೇ ಉದ್ದೇಶಕ್ಕಾಗಿ: ದೂರವನ್ನು ಕಡಮೆ ಮಾಡುವುದು.

ದೂರವನ್ನು ಏತಕ್ಕೆ ಕಡಮೆ ಮಾಡಬೇಕೆಂಬುದಕ್ಕೆ ಗುರಿ ತಪ್ಪುವ ಭಯವೊಂದೇ ಕಾರಣವಲ್ಲ. ಶಬ್ದವು ಸೆಕೆಂಡಿಗೆ ಸುಮಾರು 1100 ಅಡಿ ಚಲಿಸುತ್ತದೆ. ಹಳೆಯ ಬಿಲ್ಲಿನ ಬಾಣವು ಸೆಕೆಂಡಿಗೆ 150 ಅಡಿಯ ಆಸುಪಾಸಿನಲ್ಲಿ ಚಲಿಸುತ್ತದೆಂದು ಇಟ್ಟುಕೊಳ್ಳೋಣ. ಜಿಂಕೆಯು 60 ಅಡಿ ದೂರದಲ್ಲಿದ್ದರೆ, ಹೆದೆಯ ಟಂಕಾರವು ಸೆಕೆಂಡಿನ ಹದಿನೆಂಟನೆಯ ಒಂದು ಪಾಲಿನಲ್ಲಿ ಅದರ ಕಿವಿಯನ್ನು ಮುಟ್ಟುತ್ತದೆ. ಬಾಣವು ಮುಟ್ಟುವುದಕ್ಕೆ ಸೆಕೆಂಡಿನ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಬೇಕು. ಬೆದರಿದ ಜಿಂಕೆಯು ನೆಗೆಯುವುದಕ್ಕೆ ಮುಂಚೆ ಕಾಲುಗಳನ್ನು ಮಡಿಸಿ ಮೈಯನ್ನು ಕೆಳಕ್ಕೆ ಇಳಿಸುತ್ತದೆ. ಆ ಅವಧಿಯಲ್ಲಿಯೇ ಹೃದಯವಿದ್ದ ಜಾಗಕ್ಕೆ ಬೆನ್ನು ಬಂದಿರುತ್ತದೆ. ಟಂಕಾರದಿಂದ ದಿಕ್ಕುಗಳನ್ನು ಬೆದರಿಸುವುದು ಯುದ್ಧವೀರನ ಲಕ್ಷಣ. ಬೇಡನಿಗೆ ಮೂಕವಾದ ಹೆದೆಯೇ ಭಾಗ್ಯ.

ಬಾಣವನ್ನು ಬಿಟ್ಟ ಬಳಿಕ ಮಾಡಬೇಕಾದ ಕೆಲಸವು ಎಲ್ಲಕ್ಕಿಂತಲೂ ಕಠಿನವಾದುದು: ಸುಮ್ಮನೆ ಕುಳಿತಿರುವುದು. ಬೆನ್ನಟ್ಟದೆ ಬಿಟ್ಟ ಗಾಯಾಳು ಮೃಗವು ಸಮೀಪದಲ್ಲಿಯೇ ಮಲಗುತ್ತದೆ. ಬೆನ್ನಟ್ಟಿದರೆ ಭಯದಿಂದ ಮೈಲಿಗಟ್ಟಲೆ ಓಡುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬುದನ್ನು ನೆಲದ ಮೇಲಿನ ರಕ್ತವು ಹೇಳುತ್ತದೆ. ಉಜ್ಜ್ವಲ ಕೆಂಪಾಗಿ ನೊರೆಯಿಂದ ಕೂಡಿದ್ದರೆ ಶ್ವಾಸಕೋಶಕ್ಕೆ ತಗಲಿದೆ, ಪ್ರಾಣಿಯು ದೂರ ಹೋಗಿರಲಾರದು. ಕಪ್ಪಾಗಿದ್ದರೆ ಯಕೃತ್ತಿಗೆ ತಗಲಿದೆ, ಕೆಲವು ಗಂಟೆ ಕಾಯಬೇಕು. ಹಸುರು ಮೇವಿನ ತುಣುಕುಗಳು ಸೇರಿದ್ದರೆ ಜಠರಕ್ಕೆ ತಗಲಿದೆ. ಅದು ಬೇಡನಿಗೆ ನಾಚಿಕೆಯ ವಿಷಯ, ಮೃಗಕ್ಕೆ ದೀರ್ಘವಾದ ಸಂಕಟ. ತುಳುನಾಡಿನಂಥ ಮಳೆಯ ಸೀಮೆಯಲ್ಲಿ ಈ ಕಾಯುವಿಕೆಗೆ ಮತ್ತೊಂದು ತೊಡಕುಂಟು. ಬೆಳ್ತಂಗಡಿಯ ಮೂಡಣ ಘಟ್ಟದ ಬುಡದಲ್ಲಿ ಒಂದು ಗಳಿಗೆಯ ಮಳೆಯು ರಕ್ತದ ಗುರುತನ್ನೆಲ್ಲ ತೊಳೆದುಬಿಡುತ್ತದೆ. ಕೆಡ್ಡಸವೆಂಬ ತುಳುವರ ಹಬ್ಬವು ಮಕರಮಾಸದ ಕೊನೆಯಲ್ಲಿ, ಒಣಹವೆಯ ಕಾಲದಲ್ಲಿ ಬರುತ್ತದೆ. ಭೂದೇವಿಗೆ ವಿಶ್ರಾಂತಿಯೆಂದು ನೇಗಿಲನ್ನು ಮುಟ್ಟದ ಆ ದಿನಗಳಲ್ಲಿ ಊರವರು ಕೂಡಿ ಬೋಂಟೆಗೆ ಹೊರಡುತ್ತಿದ್ದರು. ಬಿಡುವಿನ ಕಾಲವೂ ಗುರುತು ಉಳಿಯುವ ಕಾಲವೂ ಒಂದೇ ಆಗಿರುವುದು ಕಾಕತಾಳೀಯವಾಗಿರಲಾರದೆಂದು ನಮ್ಮ ಅಭಿಪ್ರಾಯ.

ಬಿದ್ದ ಮೃಗವು ಯಾರದು? ಕಾರಿಂಜದ ಹಂದಿಯ ಕಥೆಯ ಒಳಗುಟ್ಟು ಈ ಪ್ರಶ್ನೆಯಲ್ಲಿದೆ. ಭಾರವಿಯ ಕಿರಾತಾರ್ಜುನೀಯದಲ್ಲಿ ಶಿವನ ಬಾಣವು ಹಂದಿಯನ್ನು ತೂರಿಕೊಂಡು ಹೋಗಿ ನೆಲದಲ್ಲಿ ಅಡಗಿಬಿಡುತ್ತದೆ. ಅರ್ಜುನನು ತನ್ನ ಬಾಣವನ್ನು ತೆಗೆದುಕೊಳ್ಳುವುದಕ್ಕೆ ಹೋದಾಗ ಕಿರಾತನ ದೂತನು ಬಂದು ಅದು ನಮ್ಮ ಒಡೆಯನದೆನ್ನುತ್ತಾನೆ. ಆಮೇಲಿನ ಯುದ್ಧವನ್ನೂ ಪಾಶುಪತವನ್ನೂ ಎಲ್ಲರೂ ಬಲ್ಲರು. ಈ ಕಾವ್ಯವು ಕನ್ನಡನಾಡಿಗೆ ಅನ್ಯವಾದುದಲ್ಲ: 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಭಾರವಿಯ ಹೆಸರನ್ನು ಎತ್ತುತ್ತಾನೆ, ಗಂಗರ ದುರ್ವಿನೀತನು ಇದರ 15ನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು ತಾಮ್ರಶಾಸನವು ಹೇಳುತ್ತದೆ. ಯಕ್ಷಗಾನದ ಕಿರಾತನ ವೇಷವನ್ನು ನೋಡಿ ಬೆಳೆದ ಬಂಟವಾಳದ ಹುಡುಗನಿಗೆ ಈ ಜಗಳದ ನ್ಯಾಯಾನ್ಯಾಯಗಳು ಪಂಡಿತರಿಗಿಂತಲೂ ಚೆನ್ನಾಗಿ ಗೊತ್ತು. ತೂರಿಹೋದ ಬಾಣವು ಹೆಚ್ಚಿನ ಬಾಣ, ಆದರೆ ಸಾಕ್ಷ್ಯವನ್ನು ಉಳಿಸದ ಬಾಣ. ಮೈಯಲ್ಲಿ ನಿಂತದ್ದು ಸಾಕ್ಷ್ಯವಾಗುತ್ತದೆ.

ಇದು ಪುರಾಣದಲ್ಲಿ ಮಾತ್ರ ನಡೆದ ಜಗಳವಲ್ಲ. ಇಲ್ಲಿಂದ ದಕ್ಷಿಣಕ್ಕಿರುವ ಪಂಜ ಎಣ್ಮೂರುಗಳ ಸೀಮೆಯಲ್ಲಿ ನಡೆದದ್ದೆಂದು ಪಾಡ್ದನಗಳು ಹಾಡುವ ಕೋಟಿಚೆನ್ನಯರ ಕಥೆಯಲ್ಲಿಯೂ ಕಡೆಯ ಯುದ್ಧಕ್ಕೆ ನೆಪವಾದದ್ದು ಒಂದು ಕಾಡುಹಂದಿ. ಹಂದಿಯನ್ನು ಬೀಳಿಸಿದವರು ಅವಳಿ ವೀರರು. ಅದು ತನ್ನ ಸೀಮೆಯದೆಂದು ಹಕ್ಕು ಹೂಡಿದವನು ಪಂಜದ ಬಲ್ಲಾಳ. ಆ ಯುದ್ಧದಲ್ಲಿ ಬಾಣದ ಪೆಟ್ಟಿನಿಂದಲೇ ಕೋಟಿಯು ಬಿದ್ದನೆಂದು ಹಾಡುತ್ತಾರೆ. ಮೃಗದ ಮೇಲಿನ ಹಕ್ಕೆಂದರೆ ನೆಲದ ಮೇಲಿನ ಹಕ್ಕೇ ಆಗಿದ್ದುದರಿಂದ, ಒಂದು ಹಂದಿಗಾಗಿ ಎರಡು ನಾಡುಗಳು ಕಾದಾಡಿದುದರಲ್ಲಿ ಆಶ್ಚರ್ಯವಿಲ್ಲ. ಹೀಗಲ್ಲದೆ ಬೇಟೆಯ ಮಹಿಮೆಯನ್ನು ಉದಾರವಾಗಿ ಹಂಚಿದ ನಿದರ್ಶನವೂ ನಮ್ಮಲ್ಲಿದೆ: 949–50ರ ಆತಕೂರಿನ ಶಾಸನವು ಬೇಳತೂರಿನ ಬೆಟ್ಟದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟುದನ್ನು ಹೇಳುತ್ತದೆ.

ಮೂಡಬಿದಿರೆಗೆ ಬಂದೊಡನೆ ಮಾತಿನ ಧಾಟಿ ಬದಲಾಗಬೇಕು. 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯ, ಎಂದರೆ ಸಾವಿರ ಕಂಬದ ಬಸದಿಯ ಊರದು. ಬೇಟೆಯನ್ನು ಜೂಜು, ಮದ್ಯ, ಕಳವುಗಳೊಡನೆ ಸಪ್ತವ್ಯಸನಗಳಲ್ಲಿ ಸೇರಿಸಿದ ಧರ್ಮವು ಅಲ್ಲಿಯದು. ಅಲ್ಲಿಯ ಭೈರಾದೇವಿ ಮಂಟಪದ ತಳಹದಿಯಲ್ಲಿ, ಈ ಕಾಡುಗಳಲ್ಲಿ ಎಂದೂ ಸುಳಿಯದ ಜಿರಾಫೆಯನ್ನು ಶಿಲ್ಪಿಯು ಕೆತ್ತಿದ್ದಾನೆ. ಚೌಟರು, ಬಂಗರು, ಅಜಿಲರು ಮುಂತಾದ ಜೈನ ಅರಸರು ಆಳಿದ್ದಾದರೋ ದಟ್ಟವಾದ ಕಾಡಿನ ಅಂಚಿನ ನಾಡನ್ನು. ಅಲ್ಲಿ ಹಂದಿಯೂ ಕಡವೆಯೂ ರಾತ್ರಿಯಲ್ಲಿ ಬಂದು ರೈತನ ಒಂದು ವರ್ಷದ ಗದ್ದೆಯನ್ನು ನೆಲಸಮ ಮಾಡುತ್ತಿದ್ದವು. ಹಿಂಸೆ ಬೇಡವೆನ್ನುವ ಧರ್ಮ ಮತ್ತು ಬೆಳೆಯನ್ನು ಕಾಯಬೇಕೆನ್ನುವ ರಾಜಧರ್ಮ, ಇವೆರಡರ ನಡುವಣ ಇಕ್ಕಟ್ಟನ್ನು ಅವರು ದಿನವೂ ಎದುರಿಸಿದ್ದಿರಬೇಕು.

ಈ ಇಕ್ಕಟ್ಟಿನ ಮೇಲೆ ಬೆಳಕು ಬೀರುವ ಒಂದು ಬಾಣವು ಕನ್ನಡದ ಜೈನ ಕಾವ್ಯದಲ್ಲಿದೆ. 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯಲ್ಲಿ ಯಶೋಮತಿ ಮಹಾರಾಜನು ವನದಲ್ಲಿ ರಾಣಿಯೊಡನೆ ಇರುವಾಗ ಎರಡು ಕೋಳಿಗಳು ಕೂಗುತ್ತವೆ. ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸುವ ಹುಮ್ಮಸ್ಸಿನಿಂದ ಅರಸನು, ಕಣ್ಣಿಗೆ ಕಾಣದ ಆ ಹಕ್ಕಿಗಳ ಕಡೆಗೆ, ದನಿಯನ್ನೇ ಗುರಿಯಾಗಿಟ್ಟು ಬಾಣವನ್ನು ಬಿಟ್ಟು ಎರಡನ್ನೂ ಕೊಲ್ಲುತ್ತಾನೆ. ಗುರಿ ಅಚ್ಚುಕಟ್ಟಾದುದು, ಆಯ ತಪ್ಪಲಿಲ್ಲ. ಆದರೆ ಆ ಕೋಳಿಗಳು ಅವನ ತಂದೆಯೂ ಅಜ್ಜಿಯೂ ಆಗಿದ್ದರು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರಗಳನ್ನು ಸುತ್ತಿ, ಆಗತಾನೆ ಮುನಿಯ ಉಪದೇಶವನ್ನು ಕೇಳಿ ಪೂರ್ವಜನ್ಮದ ನೆನಪು ಬಂದು ಸಂತೋಷದಿಂದ ಕೂಗಿದ್ದರು. ದಶರಥನು ಕೊಡದ ಸದ್ದನ್ನು ಆನೆಯ ಸದ್ದೆಂದು ತಿಳಿದು ತಪಸ್ವಿಕುಮಾರನನ್ನು ಕೊಂದ ಕಥೆಯೂ ಇದೇ ಜಾತಿಯದು. ಆದರೆ ದಶರಥನಿಗೆ ಗುರಿಯ ತಿಳಿವಳಿಕೆ ತಪ್ಪಿತು. ಯಶೋಮತಿಗೆ ಏನೂ ತಪ್ಪಲಿಲ್ಲ. ಅಲಗು, ಆಯ, ಕೈ, ಕಿವಿ ಎಲ್ಲವೂ ಸರಿಯಾಗಿದ್ದೂ ಬಾಣವು ತಪ್ಪಾಗಬಹುದೆಂದು ಹೇಳಿದವನು ಜನ್ನನೊಬ್ಬನೇ ಎಂದು ನಮಗೆ ತೋರುತ್ತದೆ. ಧನುರ್ವೇದವು ಶಬ್ದವೇಧವನ್ನು ವಿದ್ಯೆಯ ಶಿಖರವೆಂದು ಕೊಂಡಾಡಿತು. ಅನುಭವಿಯಾದ ಬೇಡನು ಮಾತ್ರ, ಕಾಣದ ಮೃಗಕ್ಕೆ ಬಾಣ ಬಿಡುವುದನ್ನು ಒಪ್ಪುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಬೇಡನೂ ಜೈನಮುನಿಯೂ ಏಕಾಭಿಪ್ರಾಯದವರು.

ಬಿಲ್ಲಿನ ಕಾಲವು ಈ ಸೀಮೆಯಲ್ಲಿ ಯಾವ ದಿವಸ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಟಿಪ್ಪುಸುಲ್ತಾನನು 1794ರಲ್ಲಿ ಬೆಳ್ತಂಗಡಿಯ ಬಳಿಯ ಕಲ್ಲುಬೆಟ್ಟದ ಮೇಲೆ ಜಮಲಾಬಾದಿನ ಕೋಟೆಯನ್ನು ಕಟ್ಟಿಸುವ ಹೊತ್ತಿಗೆ ಕೋವಿಯೂ ಫಿರಂಗಿಯೂ ಯುದ್ಧದಿಂದ ಬಿಲ್ಲನ್ನು ಓಡಿಸಿದ್ದವು. 1837ರಲ್ಲಿ ಕಲ್ಯಾಣಪ್ಪನ ಕಡೆಯವರು ಬಂಟವಾಳದ ಮಾರ್ಗವಾಗಿ ಮಂಗಳೂರಿಗೆ ಇಳಿದ ಬಳಿಕ, ಇಲ್ಲಿಯ ಜನರ ಕೈಯಲ್ಲಿರುವ ಆಯುಧಗಳ ಮೇಲೆ ಸರಕಾರಕ್ಕೆ ಕಣ್ಣಿದ್ದುದು ಸಹಜವೇ. 1878ರ ಆಯುಧ ಶಾಸನವು ಕೋವಿಗೆ ಪರವಾನಗಿಯನ್ನು ವಿಧಿಸಿತು. ಬೇಟೆಯಲ್ಲಿ ಬಿಲ್ಲಿನ ಜಾಗಕ್ಕೆ ಕೇಪಿನ ಕೋವಿಯು ಬಂದಿತು. ಕೋವಿಯೊಡನೆ ದೂರದಿಂದ ಹೊಡೆಯುವ ಅಭ್ಯಾಸವೂ, ರಾತ್ರಿಯಲ್ಲಿ ದೀಪದ ಬೆಳಕಿಗೆ ಕಣ್ಣುಗಳನ್ನು ಮಿನುಗಿಸಿ ಹೊಡೆಯುವ ಅಭ್ಯಾಸವೂ ಬಂದವು. ಹತ್ತಿರಕ್ಕೆ ಹೋಗಬೇಕೆಂಬ ನಿರ್ಬಂಧವು ತಪ್ಪಿದೊಡನೆ ಮೃಗಗಳ ಸಂಖ್ಯೆಯು ಇಳಿಯತೊಡಗಿದುದನ್ನು ವಿವರಿಸಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಡವೆ, ಜಿಂಕೆ, ಕಾಡುಕುರಿಗಳ ಬೇಟೆಯನ್ನು ಅಪರಾಧವನ್ನಾಗಿ ಮಾಡಿತು. ಬೆಳ್ತಂಗಡಿಯ ಮೂಡಣ ಘಟ್ಟದ ಕಾಡುಗಳಲ್ಲಿ ಕೆಲವು ಭಾಗಗಳು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು.

ಈ ಕಾಯಿದೆಯ ಕಲ್ಪನೆಯು ಹೊಸದೆಂದು ಶ್ರೋತೃಗಳು ಭಾವಿಸಬಾರದು. ಮೇಲೆ ಹೇಳಿದ ಕೌಟಿಲ್ಯನ ಗ್ರಂಥದಲ್ಲಿಯೇ, ಅರಸನ ಅಭಯವನ್ನು ಪಡೆದ ಮೃಗಗಳನ್ನು ಕಟ್ಟುವವನಿಗೂ ಕೊಲ್ಲುವವನಿಗೂ ಅತ್ಯುನ್ನತವಾದ ದಂಡವನ್ನು ವಿಧಿಸಿದೆ. ಛೇದನ ಭೇದನ ತಾಡನಗಳನ್ನು ವಿವರಿಸುವ ಪ್ರಕರಣವೂ ಈ ಅಭಯದ ಪ್ರಕರಣವೂ ಗ್ರಂಥದ ಒಂದೇ ಅಧಿಕರಣದಲ್ಲಿ, ಕೇವಲ ಎಂಟು ಅಧ್ಯಾಯಗಳ ಅಂತರದಲ್ಲಿವೆ. ಇಂದು ಬಂಟವಾಳದ ಬಯಲಿನ ರಂಗಸ್ಥಳದಲ್ಲಿ ಕಿರಾತನ ವೇಷದವನು ಹಿಡಿದು ಬರುವ ಬಾಣಕ್ಕೆ ಅಲಗಿರುವುದಿಲ್ಲ. ಹಂದಿಯೂ ಭಾಗವತರ ಪದದಲ್ಲಿ ಬಂದು ಪದದಲ್ಲಿಯೇ ಬೀಳುತ್ತದೆ. ಹೊಡೆದವರು ಯಾರೆಂಬ ವಾದ ಮಾತ್ರ ಬೆಳಗಿನ ಜಾವದವರೆಗೂ ನಡೆಯುವುದುಂಟು.